ಚಿತ್ರ ಉಳಿಸುವ ದಾನ ಎಲ್ಲಿಗೆ ತಲುಪಬೇಕು?

ಬೆಂಗಳೂರಿನಲ್ಲಿ ದಾನಕ್ಕೆ ಬರವಿಲ್ಲ. ಆಸ್ಪತ್ರೆಗೆ ಯಂತ್ರ ಕೊಡಿಸುವವರಿದ್ದಾರೆ, ಸರ್ಕಾರಿ ಶಾಲೆಗೆ ಕೊಠಡಿ ಕಟ್ಟಿಸುವವರಿದ್ದಾರೆ, ಕೆರೆಯ ಹೂಳು ತೆಗೆಸುವವರಿದ್ದಾರೆ. ಈಗೀಗ ಈ ಹಣ ಮ್ಯೂಸಿಯಂಗಳ ಬಾಗಿಲಿಗೂ ಬರುತ್ತಿದೆ. ಹಳೆಯ ಕಟ್ಟಡ ದುರಸ್ತಿ, ಗ್ಯಾಲರಿಗೆ ಹೊಸ ದೀಪ, ಚಿತ್ರಗಳ ಸಂರಕ್ಷಣೆ ಅಂತ ಕಂಪನಿಗಳು ಮತ್ತು ಟ್ರಸ್ಟ್‌ಗಳು ಮುಂದೆ ಬರುತ್ತಿವೆ. ತುಂಬಾ ಒಳ್ಳೆಯದು. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಬಂದ ಹಣ ಚಿತ್ರದವರೆಗೆ ಹೋಗುತ್ತದಾ, ಇಲ್ಲ ಗೋಡೆ, ದೀಪ, ಫಲಕದಲ್ಲೇ ಮುಗಿದುಹೋಗುತ್ತದಾ?

ಈ ಪ್ರಶ್ನೆಗೆ ಕಸ್ತೂರಬಾ ರಸ್ತೆಗಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಶುರುವಾದದ್ದು. ಮದ್ರಾಸಿನ ಮ್ಯೂಸಿಯಂ ಕಟ್ಟಿದ ಎಡ್ವರ್ಡ್ ಬಾಲ್ಫೋರ್ ಎಂಬ ಸರ್ಜನ್ ಇಲ್ಲಿಯೂ ಒಂದು ಬೇಕೆಂದು ಹಟ ಹಿಡಿದರು. ಈಗಿರುವ ಕೆಂಪು ಕಟ್ಟಡ 1877ರದ್ದು, ಕರ್ನಲ್ ಸ್ಯಾಂಕಿ ರೂಪಿಸಿದ್ದು. ಹೌದು, ಸ್ಯಾಂಕಿ ಕೆರೆಯ ಸ್ಯಾಂಕಿ. ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ. ಅಲ್ಲೇ ಹತ್ತಿರದಲ್ಲಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ ಖಾಸಗಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, ಜನ ಕರೆಯುವಂತೆ 'ಮ್ಯಾಪ್'. ಸರ್ಕಾರದ ಹಣದಲ್ಲಿ ನಡೆಯುವುದು ಮತ್ತು ದಾನಿಗಳ ಹಣದಲ್ಲಿ ನಡೆಯುವುದು, ಎರಡೂ ಕೂಗಳತೆಯಲ್ಲಿವೆ.

ಮೊದಲು, ಚಿತ್ರ ಸಂರಕ್ಷಣೆ ಅಂದರೆ ಏನು ನಡೆಯುತ್ತದೆ ನೋಡೋಣ. ಹಣದ ಲೆಕ್ಕ ಅರ್ಥವಾಗುವುದು ಆಗಲೇ.

ಒಂದು ಹಳೆಯ ಮೈಸೂರು ಶೈಲಿಯ ಚಿತ್ರ ತೆಗೆದುಕೊಳ್ಳಿ. ರಾಮ ಪಟ್ಟಾಭಿಷೇಕ ಅನ್ನಿ. ಕಿರೀಟ, ಕಂಠೀಹಾರ, ಮಂಟಪದ ಕಂಬ, ಇಲ್ಲೆಲ್ಲ ಗೆಸ್ಸೊ ಎಂಬ ಬಿಳಿ ಅಂಟಿನಿಂದ ಉಬ್ಬು ಕೆಲಸ ಮಾಡಿ ಮೇಲೆ ಚಿನ್ನದ ರೇಕು ಹಚ್ಚಿರುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ. ಮೈಸೂರಿನದು ತೆಳು, ಬೆರಳಿಗೆ ಸಿಕ್ಕೀತೇ ಹೊರತು ದೂರದಿಂದ ಕಾಣದು. ಇಂಥ ಎಷ್ಟೋ ಚಿತ್ರಗಳು ಮ್ಯೂಸಿಯಂಗೆ ಬರುವ ಮುಂಚೆ ದೇವರ ಮನೆಯಲ್ಲಿದ್ದವು. ಹತ್ತಾರು ವರ್ಷದ ದೀಪದ ಹೊಗೆ, ಎಣ್ಣೆ ಜಿಡ್ಡು, ಕುಂಕುಮ ಎಲ್ಲ ಅವುಗಳ ಮೇಲಿದೆ. ಹಿಂದಿನ ಹಲಗೆಗೆ ಗೆದ್ದಲು. ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗೆಸ್ಸೊ ಹಾಗೆ ಹಿಗ್ಗಲಾರದು. ಹಾಗಾಗಿ ಮೊದಲು ಕೂದಲೆಳೆಯಂಥ ಬಿರುಕು, ಆಮೇಲೆ ಚಕ್ಕೆ ಏಳುವುದು, ಚಕ್ಕೆಯ ಜತೆಗೇ ಚಿನ್ನವೂ ಉದುರುವುದು.

ಕನ್ಸರ್ವೇಟರ್, ಅಂದರೆ ಚಿತ್ರ ಸಂರಕ್ಷಿಸುವ ತಜ್ಞರು, ಇಲ್ಲಿ ಮೊದಲು ಮಾಡುವುದು ಒರೆಸುವ ಕೆಲಸ ಅಲ್ಲ. ಚಕ್ಕೆ ಉದುರದಂತೆ ತೆಳ್ಳನೆಯ ಜಪಾನಿ ಕಾಗದವನ್ನು ಮೇಲೆ ಅಂಟಿಸಿ ಹಿಡಿದಿಡುತ್ತಾರೆ. ಸಣ್ಣ ಬ್ರಷ್ಷಿನಿಂದಲೋ ಸಿರಿಂಜಿನಿಂದಲೋ ಒಂದೊಂದೇ ಬಿರುಕಿಗೆ ತೆಳು ಅಂಟು ಬಿಡುತ್ತಾರೆ. ಅದು ಒಣಗಿ ನಿಂತ ಮೇಲೆ ಸ್ವಚ್ಛತೆ. ಅದಕ್ಕೂ ಮುಂಚೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷೆ. ಬಿದಿರು ಕಡ್ಡಿಗೆ ಹತ್ತಿ ಸುತ್ತಿ, ನೀರು ತಾಕಿಸಬಹುದಾ, ಯಾವ ದ್ರಾವಕ ಬಣ್ಣ ಕರಗಿಸದೆ ಜಿಡ್ಡು ಮಾತ್ರ ಎತ್ತುತ್ತದೆ ಅಂತ ನೋಡುತ್ತಾರೆ. ಎಷ್ಟೋ ಸಲ ಎಲ್ಲಕ್ಕಿಂತ ಸೌಮ್ಯವಾಗಿ ಕೆಲಸ ಮಾಡುವುದು ಮನುಷ್ಯನ ಎಂಜಲು. ಅದರಲ್ಲಿರುವ ಕಿಣ್ವ ಕೊಳೆಯನ್ನು ಸಡಿಲಿಸುತ್ತದೆ. ಪ್ರಪಂಚದ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲೂ ಇದು ನಡೆದುಬಂದಿದೆ. ಇಷ್ಟೆಲ್ಲ ಮಾಡಿ ಒಂದು ದಿನದ ಕೊನೆಗೆ ಅಂಗೈಯಷ್ಟು ಜಾಗ ಮುಗಿದರೆ ದೊಡ್ಡದು. ಖರ್ಚೆಲ್ಲ ಸಾಮಾನಿಗಲ್ಲ, ಇಂಥ ದಿನಗಳಿಗೆ ಮತ್ತು ಈ ಕೈಗಳಿಗೆ.

ಕೊನೆಗೆ ಬರುವುದು ಕಷ್ಟದ ಪ್ರಶ್ನೆ. ಉದುರಿಹೋದ ಚಿನ್ನದ ಜಾಗಕ್ಕೆ ಹೊಸ ಚಿನ್ನ ಹಚ್ಚಬೇಕಾ? ಇವತ್ತಿನ ಸಂರಕ್ಷಣೆಯ ನೀತಿ ಬೇಡ ಅನ್ನುತ್ತದೆ. ಹೋದ ಜಾಗ ಕಣ್ಣಿಗೆ ಚುಚ್ಚದ ಹಾಗೆ ಹದವಾದ ಬಣ್ಣ ಕೊಟ್ಟರೆ ಸಾಕು. ಅದೂ ಮುಂದೊಂದು ದಿನ ತೆಗೆಯಲು ಬರುವಂತಿರಬೇಕು. ಮೂಲ ಕಲಾವಿದನ ಕೈ ಎಲ್ಲಿ ನಿಂತಿತು, ನಮ್ಮ ಕೈ ಎಲ್ಲಿ ಶುರುವಾಯಿತು ಅನ್ನುವುದು ಗೊತ್ತಾಗಬೇಕು.

ದಾನಿಗೂ ಕನ್ಸರ್ವೇಟರಿಗೂ ಜಾಸ್ತಿ ತಿಕ್ಕಾಟ ಆಗುವುದು ಇಲ್ಲೇ. ಹಣ ಕೊಟ್ಟವರಿಗೆ ಹೊಳಪು ಬೇಕು. 'ಮುಂಚೆ' ಮತ್ತು 'ಆಮೇಲೆ' ಎಂಬ ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಎದ್ದು ಕಾಣುವ ವ್ಯತ್ಯಾಸ ಬೇಕು. ಅದು ಸಹಜವೇ. ಆದರೆ ಚೆನ್ನಾಗಿ ಸಂರಕ್ಷಿಸಿದ ಚಿತ್ರ ಎಷ್ಟೋ ಸಲ ಮೊದಲಿಗಿಂತ ತುಸು ಶಾಂತವಾಗಿ ಕಾಣುತ್ತದೆ, ಅಷ್ಟೇ. ಹೊಳಪಿನ ಆಸೆಗೆ ಏನಾಗುತ್ತದೆ ಅನ್ನುವುದಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಇದೆ. 1780ರ ಪೊಲ್ಲಿಲೂರು ಯುದ್ಧದ ಚಿತ್ರ ಅಲ್ಲಿನ ಗೋಡೆ ತುಂಬಾ ಇದೆ. ಟಿಪ್ಪುವಿನ ನಂತರ ಅದನ್ನು ಒಂದಕ್ಕಿಂತ ಹೆಚ್ಚು ಸಲ ಮತ್ತೆ ಬರೆಸಿದರು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಮಾಸಿದ ಚಿತ್ರವನ್ನು ಸರಿಪಡಿಸಲು ಹೇಳಿದರು. ಉದ್ದೇಶ ಒಳ್ಳೆಯದೇ. ಆದರೆ ಆ ಕಾಲದಲ್ಲಿ ಸರಿಪಡಿಸುವುದು ಅಂದರೆ ಮತ್ತೆ ಬಣ್ಣ ಹಚ್ಚುವುದು. ಇವತ್ತು ಆ ಗೋಡೆಯ ಮುಂದೆ ನಿಂತರೆ ಯಾವ ಗೆರೆ ಟಿಪ್ಪು ಕಾಲದ್ದು, ಯಾವುದು ಆಮೇಲಿನದು ಅಂತ ಬಿಡಿಸಿ ಹೇಳುವುದು ತಜ್ಞರಿಗೂ ಕಷ್ಟ.

ಹಾಗಾದರೆ ದಾನಿ ಏನು ಕೇಳಬಹುದು, ಏನು ಕೇಳಬಾರದು? ಹೊರಗಿನ ಎರಡು ಮೂರು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್‌ನಲ್ಲಿ ಮೈಕೆಲೇಂಜೆಲೊ ಬರೆದ ಭಿತ್ತಿಚಿತ್ರಗಳ ಸಂರಕ್ಷಣೆ 1980ರಲ್ಲಿ ಶುರುವಾಗಿ 1994ರವರೆಗೂ ನಡೆಯಿತು. ಹಣ ಕೊಟ್ಟದ್ದು ಜಪಾನಿನ ನಿಪ್ಪಾನ್ ಟೆಲಿವಿಷನ್. ಬದಲಿಗೆ ಅವರು ಕೇಳಿದ್ದು ಫೋಟೊ ಮತ್ತು ವಿಡಿಯೊ ಹಕ್ಕು. ಕೆಲಸದ ಒಂದೊಂದು ಹಂತ ಮುಗಿದ ಮೇಲೆ ಮೂರು ವರ್ಷ ಆ ಚಿತ್ರಗಳನ್ನು ಬೇರೆಯವರು ಹಾಗೆ ಬಳಸುವಂತಿರಲಿಲ್ಲ. ಇದಕ್ಕೆ ಟೀಕೆ ಬಂತು. ಕೆಲಸದ ಬಗ್ಗೆಯೂ ಬಂತು, ಜಾಸ್ತಿ ತೊಳೆದುಬಿಟ್ಟರು ಅಂತ. ಆದರೂ ಆ ಒಪ್ಪಂದದಲ್ಲಿ ಒಂದು ಗುಣ ಕಾಣುತ್ತದೆ. ಟಿವಿ ಕಂಪನಿಗೆ ಸಿಕ್ಕಿದ್ದಕ್ಕೆ ಒಂದು ಕೊನೆ ಇತ್ತು. ಇಂತಿಷ್ಟು ವರ್ಷ, ಆಮೇಲೆ ಮುಗಿಯಿತು. ಎಷ್ಟು ತೊಳೆಯಬೇಕು ಅಂತ ಹೇಳುವವರು ವ್ಯಾಟಿಕನ್ನಿನ ತಜ್ಞರೇ ಆಗಿದ್ದರು.

ಅದೇ ವ್ಯಾಟಿಕನ್ ಮ್ಯೂಸಿಯಂಗಳಿಗೆ 1980ರ ದಶಕದ ಆರಂಭದಿಂದ ಪೋಷಕರ ಒಂದು ಕೂಟವೂ ಇದೆ. ಸಂರಕ್ಷಣೆ ಬೇಕಾದ ಕೃತಿಗಳ ಪಟ್ಟಿಯನ್ನು ಮ್ಯೂಸಿಯಂ ಮಾಡುತ್ತದೆ. ಯಾವ ಕೃತಿ, ಏನು ತೊಂದರೆ, ಎಷ್ಟು ಖರ್ಚು, ಎಲ್ಲ ಅದರಲ್ಲಿರುತ್ತದೆ. ಪೋಷಕರು ಅದರಿಂದ ಒಂದನ್ನು ಆರಿಸಿಕೊಂಡು ಹಣ ಕೊಡುತ್ತಾರೆ. ಯಾವುದು ತುರ್ತು ಅಂತ ಮೊದಲೇ ತೀರ್ಮಾನಿಸಿರುವುದು ಮ್ಯೂಸಿಯಂ. ದಾನಿಗೂ ತಾನು ಕೊಟ್ಟದ್ದು ಎಲ್ಲಿಗೆ ಹೋಯಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2019ರಲ್ಲಿ ರೆಂಬ್ರಾಂಟ್‌ನ 'ನೈಟ್ ವಾಚ್' ಚಿತ್ರದ ಕೆಲಸ ಶುರು ಮಾಡಿದಾಗ ಗಾಜಿನ ಕೋಣೆ ಕಟ್ಟಿ, ಜನರ ಎದುರೇ ಮಾಡಿತು. ಬೆಂಬಲ ಕೊಟ್ಟದ್ದು ಅಕ್ಜೋನೊಬೆಲ್ ಎಂಬ ಬಣ್ಣದ ಕಂಪನಿ. ಅವರ ಹೆಸರು ಅಲ್ಲಿದೆ, ಇರಲಿ. ಕೆಲಸ ಮಾತ್ರ ಎಲ್ಲರ ಕಣ್ಣೆದುರು ನಡೆಯಿತು.

ಈಗ ನಮ್ಮೂರಿಗೆ ಬರೋಣ. 2015ರಲ್ಲಿ ರಾಜ್ಯ ಪ್ರವಾಸೋದ್ಯಮ ಇಲಾಖೆ ವೆಂಕಟಪ್ಪ ಚಿತ್ರಶಾಲೆಯನ್ನು ದತ್ತು ಕೊಡುವ ಬಗ್ಗೆ ತಸ್ವೀರ್ ಫೌಂಡೇಷನ್ ಎಂಬ ಖಾಸಗಿ ಸಂಸ್ಥೆಯ ಜತೆ ಒಪ್ಪಂದ ಮಾಡಿಕೊಂಡಿತು. ಮುಂದಿನ ವರ್ಷ ಊರಿನ ಕಲಾವಿದರು ಬೀದಿಗಿಳಿದರು. ಕಡಿಮೆ ಬಾಡಿಗೆಗೆ ಯಾವ ಕಲಾವಿದರಾದರೂ ಪ್ರದರ್ಶನ ಮಾಡಬಹುದಾದ ಸಾರ್ವಜನಿಕ ಜಾಗ ಖಾಸಗಿಯವರ ಕೈಗೆ ಹೋಗುತ್ತದೆ, ನಮ್ಮನ್ನು ಒಂದು ಮಾತೂ ಕೇಳಲಿಲ್ಲ ಅನ್ನುವುದು ಅವರ ಆಕ್ಷೇಪ. ಇನ್ನೊಂದು ಕಡೆಯವರು, ಹಾಳಾಗುತ್ತಿರುವ ಜಾಗವನ್ನು ವಿಶ್ವದರ್ಜೆಗೆ ಏರಿಸುತ್ತೇವೆ, ಒಡೆತನ ಸರ್ಕಾರದ್ದೇ ಅಂದರು. ಕೊನೆಗೆ ಆ ಯೋಜನೆ ಬಿದ್ದುಹೋಯಿತು. ಫೌಂಡೇಷನ್ ಹಿಂದಿದ್ದ ಅಭಿಷೇಕ್ ಪೊದ್ದಾರ್ ಮುಂದೆ ಸ್ವಂತವಾಗಿ ಮ್ಯಾಪ್ ಕಟ್ಟಿದರು.

ನನ್ನ ಮಟ್ಟಿಗೆ ಕಲಾವಿದರು ಪ್ರಶ್ನೆ ಎತ್ತಿದ್ದು ಸರಿ. ಸಾರ್ವಜನಿಕ ಆಸ್ತಿಯ ಒಪ್ಪಂದವನ್ನು ಸಾರ್ವಜನಿಕರ ಮುಂದೆ ಇಡದೆ ಮಾಡಬಾರದು. ಆದರೆ ಆ ಇಡೀ ಜಗಳ ಕಟ್ಟಡದ ಸುತ್ತ ನಡೆಯಿತು. ಒಳಗಿದ್ದ ವೆಂಕಟಪ್ಪನವರ ಚಿತ್ರಗಳಿಗೆ ಏನು ಬೇಕು ಅನ್ನುವುದು ಎರಡೂ ಕಡೆಯ ಮಾತಿನಲ್ಲಿ ಹಿಂದೆ ಸರಿಯಿತು.

ಕೆ. ವೆಂಕಟಪ್ಪ (1886-1965) ಮೈಸೂರು ಅರಮನೆಯ ಚಿತ್ರಕಾರರ ಮನೆತನದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ಊಟಿ ಮತ್ತು ಕೊಡೈಕೆನಾಲಿನ ಅವರ ಜಲವರ್ಣ ಚಿತ್ರಗಳನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಬೆಟ್ಟದ ಮೇಲಿನ ಮಂಜು, ಬೆಳಗಿನ ಬೆಳಕು, ಸಂಜೆಯ ಆಕಾಶ, ಎಲ್ಲ ಬಣ್ಣದ ಬಲು ತೆಳುವಾದ ಪದರಗಳಲ್ಲಿವೆ. ಕಾಗದದ ಮೇಲಿನ ಇಂಥ ಕೆಲಸಕ್ಕೆ ದೊಡ್ಡ ಶತ್ರು ಬೆಳಕು. ಜಲವರ್ಣ ಚಿತ್ರದ ಮೇಲೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂಗಳ ಸಾಮಾನ್ಯ ನಿಯಮ. ಕಿಟಕಿಯ ಬಿಸಿಲು ಇದರ ಎಷ್ಟೋ ಪಟ್ಟು. ಹೀಗೆ ಮಾಸಿದ ಬಣ್ಣವನ್ನು ಯಾವ ಕನ್ಸರ್ವೇಟರಿಗೂ ವಾಪಸ್ ತರಲು ಆಗದು. ಕಾಗದದ ಹಳದಿ ತೆಗೆಯಬಹುದು, ಕಂದು ಚುಕ್ಕೆ ತಗ್ಗಿಸಬಹುದು, ಹಿಂದಿನ ಆಮ್ಲ ತುಂಬಿದ ರಟ್ಟು ಬದಲಾಯಿಸಬಹುದು. ಹೋದ ನೀಲಿ ಹೋಯಿತು. ಕಿಟಕಿಗೆ ಅತಿನೇರಳೆ ಕಿರಣ ತಡೆಯುವ ಯುವಿ ಫಿಲ್ಮ್, ಮಂದ ದೀಪ, ಕೆಲವು ತಿಂಗಳು ಪ್ರದರ್ಶಿಸಿ ಆಮೇಲೆ ಕತ್ತಲೆಯ ಪೆಟ್ಟಿಗೆಯಲ್ಲಿ ವಿಶ್ರಾಂತಿ, ಇವು ಆ ನೀಲಿಯನ್ನು ಉಳಿಸುತ್ತವೆ. ಇದಕ್ಕೆ ಹಣ ಕಡಿಮೆ ಸಾಕು. ಆದರೆ ಪ್ರತಿ ವರ್ಷ ಬೇಕು, ನೋಡಿಕೊಳ್ಳಲು ಒಬ್ಬರು ಬೇಕು.

ಆ 'ಪ್ರತಿ ವರ್ಷ' ಅನ್ನುವ ಕಡೆಗೇ ಇವತ್ತಿನ ದಾನದ ವ್ಯವಸ್ಥೆ ಎಡವುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ 2% ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಇದೆ, ಕಲಾಕೃತಿಗಳ ಪುನಶ್ಚೇತನ ಅಂತ ನೇರವಾಗಿಯೇ ಇದೆ. ಅಂದರೆ ಬಾಗಿಲು ತೆರೆದೇ ಇದೆ. ಆದರೆ ನಿಯಮ ಈ ಹಣವನ್ನು ಯೋಜನೆಯ ರೂಪದಲ್ಲೇ ನೋಡುತ್ತದೆ. ಮುಂದುವರಿಯುವ ಯೋಜನೆಗೂ ಶುರುವಾದ ವರ್ಷ ಬಿಟ್ಟು ಮೂರು ವರ್ಷದ ಮಿತಿ. 2021ರ ಜನವರಿಯ ತಿದ್ದುಪಡಿಯ ನಂತರ ಯಾವುದೇ ಸಂಸ್ಥೆಯ ಇಡುಗಂಟಿಗೆ ಕೊಟ್ಟ ಹಣ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಹಣ ಸುಮ್ನೆ ಎಲ್ಲೋ ಕೂರಬಾರದು ಅನ್ನುವುದು ಆ ನಿಯಮದ ಕಾಳಜಿ, ಅದರಲ್ಲಿ ತಪ್ಪಿಲ್ಲ. ಮ್ಯೂಸಿಯಂಗೆ ಮಾತ್ರ ಇದರಿಂದ ಕಷ್ಟ. ಅದಕ್ಕೆ ಬೇಕಾಗಿರುವುದೇ ಇಡುಗಂಟು, ಅದರ ಬಡ್ಡಿಯಿಂದ ನಡೆಯುವ ದಿನದಿನದ ಆರೈಕೆ.

ಆದ್ದರಿಂದ ಕಂಪನಿಯ ಹಣ ಸಹಜವಾಗಿ ಬೇಗ ಮುಗಿಯುವ, ಬೇಗ ಕಾಣುವ ಕೆಲಸಕ್ಕೆ ಹೋಗುತ್ತದೆ. ಹೊಸ ದೀಪ, ಹೊಸ ಗಾಜಿನ ಪೆಟ್ಟಿಗೆ, ಟಚ್ ಸ್ಕ್ರೀನು, ಉದ್ಘಾಟನೆ. ದಾಸ್ತಾನು ಕೋಣೆಯಲ್ಲಿ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತಿರುವಾಗ ಹಜಾರದಲ್ಲಿ ಟಚ್ ಸ್ಕ್ರೀನು ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ.

ನಮ್ಮ ಹಿಂದಿನವರು ಈ ವಿಷಯದಲ್ಲಿ ಬೇರೆ ಥರ ಯೋಚಿಸಿದ್ದರು. ಅದಕ್ಕೆ ಸಾಕ್ಷಿ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ, ಸುಮಾರು 949ರ ಕಲ್ಲು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ, ಅವನು ಗಂಗರ ದೊರೆ ಬೂತುಗನ ಹತ್ತಿರ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡ ಹಂದಿಯೊಂದರ ಜತೆ ಕಾದಾಡಿತು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಆ ಕಾದಾಟ ಇವತ್ತಿಗೂ ಜೀವಂತವಾಗಿದೆ. ನಾಯಿಯ ಕಥೆ ಕೇಳಿದವರು ಬಹಳ ಜನ. ಶಾಸನದ ಕೊನೆಯ ಸಾಲುಗಳನ್ನು ಗಮನಿಸಿದವರು ಕಡಿಮೆ. ಅಲ್ಲಿ ಈ ಕಲ್ಲಿಗೆಂದು ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ ವಿವರ ಇದೆ. ಕಲ್ಲನ್ನು ಪೂಜಿಸದೆ ಉಂಡರೆ ಅಲ್ಲಿಯ ಗೊರವನಿಗೆ, ಅಂದರೆ ಪೂಜೆ ನೋಡಿಕೊಳ್ಳುವ ಶೈವ ಅರ್ಚಕನಿಗೆ, ಪಾಪ ತಟ್ಟುತ್ತದೆ ಅಂತಲೂ ಇದೆ.

ಒಂದು ಒಪ್ಪಂದದಂತೆ ಇದನ್ನು ಓದಿ ನೋಡಿ. ವರ್ಷ ವರ್ಷ ಬೆಳೆ ಕೊಡುವ ಆದಾಯ ಇದೆ. ದಿನಾ ನೋಡಿಕೊಳ್ಳಬೇಕಾದವನು ಯಾರು ಅಂತ ಇದೆ. ನೋಡಿಕೊಳ್ಳದಿದ್ದರೆ ಏನು ಅಂತಲೂ ಇದೆ. ಕರ್ನಾಟಕದ ಎಷ್ಟೋ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ, ಅಂದರೆ ಒಡೆದದ್ದು ಬಿರಿದದ್ದು ಸರಿಮಾಡಲಿಕ್ಕೆ, ಹೀಗೆಯೇ ಭೂಮಿ ಬಿಟ್ಟಿದ್ದಾರೆ. ಕಟ್ಟಿಸಿದವರಿಗೆ ಅದು ಮುಂದೆ ಬಿರುಕು ಬಿಡುತ್ತದೆ ಅನ್ನುವುದು ಗೊತ್ತಿತ್ತು. ಬೆಂಗಳೂರಿನ ಹೊಸ ಕಾಲದ ದಾನಿಗಳಿಗೂ ಇದು ತಿಳಿದಿತ್ತು. ರೈಲ್ವೆ ಸ್ಟೇಷನ್ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ 1903ರದ್ದು. ಅವರು ಆಸ್ತಿಯನ್ನು ಧರ್ಮಸಂಸ್ಥೆಗೆ ಬಿಟ್ಟುಹೋದದ್ದರಿಂದಲೇ ಅವರ ಹೆಸರಿನ ಕೆಲಸ ಇವತ್ತಿಗೂ ನಡೆಯುತ್ತಿದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಳೆಯ ದೇವಸ್ಥಾನಗಳನ್ನು ಎತ್ತಿ ನಿಲ್ಲಿಸುವಾಗ ಸರ್ಕಾರದ್ದೊಂದು ಪಾಲು, ತನ್ನದೊಂದು ಪಾಲು, ಊರಿನವರದ್ದೊಂದು ಪಾಲು ಅಂತ ಹಂಚುತ್ತದೆ. ಊರಿನವರು ದುಡ್ಡು ಹಾಕಿದ ಮೇಲೆ ಅದನ್ನು ಕೈಬಿಡುವುದಿಲ್ಲ.

ಹಾಗಾದರೆ ಇವತ್ತಿನ ನಿಯಮದೊಳಗೇ ಏನು ಮಾಡಬಹುದು? ಬಹಳ ಇದೆ. ಮೂರು ವರ್ಷದ ಕಂಪನಿ ಹಣಕ್ಕೆ ಹೇಳಿಮಾಡಿಸಿದ ಕೆಲಸ ಸಂಗ್ರಹದ ಸ್ಥಿತಿ ಸಮೀಕ್ಷೆ. ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು, ಫೋಟೊ ತೆಗೆದು, ಏನು ತೊಂದರೆ, ಎಷ್ಟು ತುರ್ತು ಅಂತ ಬರೆದಿಡುವುದು. ನೋಡಲು ಏನೂ ಇಲ್ಲ, ಉದ್ಘಾಟನೆಗೂ ಏನೂ ಇಲ್ಲ. ಆದರೆ ಇದಿಲ್ಲದೆ ಮುಂದಿನ ಯಾವ ಹಣವೂ ಸರಿಯಾದ ಚಿತ್ರಕ್ಕೆ ಹೋಗದು. ಆಮೇಲೆ ದಾಸ್ತಾನು ಕೋಣೆ. ಯಾವ ಮ್ಯೂಸಿಯಂನಲ್ಲೂ ಪ್ರದರ್ಶನದಲ್ಲಿರುವುದಕ್ಕಿಂತ ಒಳಗಿರುವುದು ಜಾಸ್ತಿ. ತೇವಾಂಶ ದಾಖಲಿಸುವ ಪುಟ್ಟ ಉಪಕರಣ, ಆಮ್ಲವಿಲ್ಲದ ಪೆಟ್ಟಿಗೆಗಳು, ನೆಲದಿಂದ ಎತ್ತರಿಸಿದ ಕಬ್ಬಿಣದ ಕಪಾಟು, ಸೋರದ ಚಾವಣಿ. ಇಷ್ಟು ಮಾಡಿದರೆ ಆಮೇಲೆ ಎಷ್ಟೋ ಚಿತ್ರಗಳಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ.

ಇನ್ನು ಜನ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರ ಇದೆ. ಮೈಸೂರಿನಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಇದೆ. ಅಂದರೆ ಈ ವಿದ್ಯೆ ನಮಗೆ ದೂರದ್ದಲ್ಲ. ಆದರೆ ಕಾಗದ ಬಲ್ಲವರು ಬೇರೆ, ಕ್ಯಾನ್ವಾಸ್ ಬಲ್ಲವರು ಬೇರೆ, ಬಟ್ಟೆ ಮತ್ತು ತೊಗಲು ಬಲ್ಲವರು ಬೇರೆ. ಪರಿಷತ್ತಿನಲ್ಲಿರುವ ತೊಗಲುಗೊಂಬೆಗಳನ್ನೇ ನೋಡಿ. ಒಣಗಿದರೆ ತೊಗಲು ಸುರುಟಿ ಸೀಳುತ್ತದೆ, ತೇವ ಆದರೆ ಬೂಷ್ಟು ಹಿಡಿಯುತ್ತದೆ. ಅದನ್ನು ಚೆನ್ನಾಗಿ ಬಲ್ಲವರು ಎಲ್ಲ ಕಡೆ ಸಿಗುವುದಿಲ್ಲ. ಟಾಟಾ ಟ್ರಸ್ಟ್ಸ್ ತನ್ನ ಕಲಾ ಸಂರಕ್ಷಣಾ ಕಾರ್ಯಕ್ರಮದಲ್ಲಿ ಹಣವನ್ನು ತರಬೇತಿಗೆ ಮತ್ತು ದೇಶದ ಬೇರೆ ಬೇರೆ ಭಾಗದ ಕೇಂದ್ರಗಳನ್ನು ಬಲಪಡಿಸಲು ಹಾಕಿದ್ದು ಇದೇ ಕಾರಣಕ್ಕೆ. ಒಂದು ಚಿತ್ರಕ್ಕೆ ಕೊಟ್ಟ ಹಣ ಆ ಚಿತ್ರದೊಂದಿಗೆ ಮುಗಿಯುತ್ತದೆ. ಒಬ್ಬ ಹುಡುಗಿಯನ್ನು ಕಾಗದ ಸಂರಕ್ಷಣೆಯಲ್ಲಿ ತಯಾರು ಮಾಡಿದರೆ ಅವಳು ಮುಂದಿನ 30 ವರ್ಷ ಕೆಲಸ ಮಾಡುತ್ತಾಳೆ. ಅವಳಿಗೆ ಮ್ಯೂಸಿಯಂನಲ್ಲಿ ಒಂದು ಖಾಯಂ ಹುದ್ದೆ ಮತ್ತು ಸಂಬಳ ಕೊಡುವುದು ಮಾತ್ರ ಸರ್ಕಾರದ ಕೆಲಸ. ಅದನ್ನು ದಾನಿಯ ಮೇಲೆ ಹಾಕಿ ಕೈತೊಳೆದುಕೊಳ್ಳಬಾರದು.

ಇಡುಗಂಟು ಕಂಪನಿಗಳಿಂದ ಬರುವುದಿಲ್ಲ ಅಂದರೆ ವ್ಯಕ್ತಿಗಳಿಂದ ಬರಬೇಕು. ಕೇಂದ್ರ ಸರ್ಕಾರ 1996ರಲ್ಲಿ ರಾಷ್ಟ್ರೀಯ ಸಂಸ್ಕೃತಿ ನಿಧಿ ಶುರು ಮಾಡಿತು. ಅದಕ್ಕೆ ಕೊಡುವವರು ಇಂಥದೇ ಕೆಲಸಕ್ಕೆ ಅಂತ ಗೊತ್ತುಮಾಡಿ ಕೊಡಬಹುದು. ತೆರಿಗೆಯಲ್ಲಿ ಪೂರ್ತಿ ಕಡಿತವೂ ಇದೆ. ಆದರೆ 80ಜಿ ಅಂತ ನಾವೆಲ್ಲ ಕರೆಯುವ ಈ ವಿನಾಯಿತಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಸಿಗದು. ಸಂಬಳದವರಲ್ಲಿ ಬಹಳ ಜನ ಈಗ ಅಲ್ಲೇ ಇದ್ದಾರೆ. ಹಾಗಾಗಿ ತೆರಿಗೆ ಉಳಿಸುವ ಮಾತು ಹೇಳಿ ಅವರ ಹತ್ತಿರ ಹಣ ಕೇಳುವುದು ವ್ಯರ್ಥ. ಈ ಚಿತ್ರ ನಿಮ್ಮದು, ಇದಕ್ಕೆ ಈ ತೊಂದರೆ ಇದೆ ಅಂತ ತೋರಿಸಿ ಕೇಳಬೇಕು. ನಮ್ಮ ಜನ ಕೊಡುತ್ತಾರೆ. ದೇವಸ್ಥಾನದ ಗೋಪುರಕ್ಕೆ, ಅನ್ನದಾನಕ್ಕೆ, ಊರಿನ ಶಾಲೆಯ ಶತಮಾನೋತ್ಸವಕ್ಕೆ ಕೈಬಿಚ್ಚಿ ಕೊಡುವವರು ಇವರೇ ಅಲ್ವಾ? ಮ್ಯೂಸಿಯಂ ಅವರನ್ನು ಇಲ್ಲಿಯವರೆಗೆ ಸರಿಯಾಗಿ ಕೇಳಿಯೇ ಇಲ್ಲ.

ದೊಡ್ಡ ದಾನಿ ಬಂದಾಗ ಒಪ್ಪಂದದಲ್ಲಿ ಏನಿರಬೇಕು ಅನ್ನುವುದು ಈಗ ಹೇಳುವುದು ಸುಲಭ. ಒಡೆತನ ಮತ್ತು ಪ್ರವೇಶ ಸಾರ್ವಜನಿಕರದ್ದೇ. ಚಿತ್ರವನ್ನು ಹೇಗೆ ಸರಿಮಾಡಬೇಕು ಅನ್ನುವ ತೀರ್ಮಾನ ಕನ್ಸರ್ವೇಟರದ್ದು, ಅದರಲ್ಲಿ ದಾನಿ ಮೂಗು ತೂರಿಸುವಂತಿಲ್ಲ. ಮಾಡಿದ ಕೆಲಸದ ಪೂರ್ತಿ ದಾಖಲೆ, ಫೋಟೊ, ಬಳಸಿದ ಅಂಟಿನ ಹೆಸರಿನವರೆಗೆ, ಮ್ಯೂಸಿಯಂನಲ್ಲಿ ಉಳಿಯಬೇಕು. ಐವತ್ತು ವರ್ಷದ ನಂತರ ಅದನ್ನು ಬಿಚ್ಚುವವರಿಗೆ ಅದು ಬೇಕು. ದಾನಿಯ ಹೆಸರು ಇರಲಿ, ಆದರೆ ಚಿತ್ರಕ್ಕಿಂತ ದೊಡ್ಡದಾಗಿ ಬೇಡ. ಕೊಟ್ಟ ಹಕ್ಕು ಯಾವುದೇ ಇರಲಿ, ಅದಕ್ಕೊಂದು ಕೊನೆಯ ದಿನ ಇರಬೇಕು. ಸಹಿ ಹಾಕುವ ಮುಂಚೆ ಕರಡು ಕನ್ನಡದಲ್ಲಿ ಜನರ ಮುಂದೆ ಬರಬೇಕು.

ಪ್ರತಿ ವರ್ಷ ಜನವರಿ ಕಳೆಯುತ್ತಿದ್ದಂತೆ ಕಂಪನಿಗಳಲ್ಲಿ ಖರ್ಚಾಗದೆ ಉಳಿದ ಸಿಎಸ್‌ಆರ್ ಹಣದ ಲೆಕ್ಕ ಶುರುವಾಗುತ್ತದೆ. ಮಾರ್ಚ್ 31ರೊಳಗೆ ಒಳ್ಳೆಯ ಕೆಲಸ ಯಾವುದಿದೆ ಅಂತ ಹುಡುಕುತ್ತಾರೆ. ಆ ಹೊತ್ತಿಗೆ ಕೈಯಲ್ಲಿ ಪಟ್ಟಿ ಇಲ್ಲದ ಮ್ಯೂಸಿಯಂ ದಾನಿ ಹೇಳಿದ್ದಕ್ಕೆ ತಲೆಯಾಡಿಸಬೇಕಾಗುತ್ತದೆ. ಪಟ್ಟಿ ಇದ್ದರೆ ಮ್ಯೂಸಿಯಂ ಕೇಳಿದ್ದಕ್ಕೆ ದಾನಿ ಒಪ್ಪುತ್ತಾರೆ. ಬೆಂಗಳೂರಿನ ಪ್ರತಿ ಸರ್ಕಾರಿ ಸಂಗ್ರಹವೂ ಈ ವರ್ಷವೇ ಅಂಥದೊಂದು ಪಟ್ಟಿ ತಯಾರಿಸಿ ವೆಬ್‌ಸೈಟಿನಲ್ಲೂ ಬಾಗಿಲ ಪಕ್ಕದ ಹಲಗೆಯಲ್ಲೂ ಹಾಕಬೇಕು: ಚಿತ್ರದ ಹೆಸರು, ಏನು ತೊಂದರೆ, ಎಷ್ಟು ತಿಂಗಳ ಕೆಲಸ, ಎಷ್ಟು ರೂಪಾಯಿ, ಆಮೇಲೆ ವರ್ಷಕ್ಕೆ ಎಷ್ಟು.